ಮೂರನೆಯ ಪ್ಯಾರಾದಲ್ಲಿ ನಿಂತವರು

ಮಾವ ಅಂಗಳದಲ್ಲಿ ಚಪ್ಪಲಿ ಬಿಡುವ ಮೊದಲೇ ಮೊಬೈಲನ್ನು ನನ್ನ ಮುಖದ ಹತ್ತಿರ ಹಿಡಿದರು. ಅವರು ಅಮ್ಮನ ಅಣ್ಣ, ಇರುವುದು ಮೂಡುಬಿದಿರೆಯಲ್ಲಿ. ನಮ್ಮ ಕಡೆ ಮದುವೆಯಿರಲಿ, ಜಾಗದ ವಿಷಯವಿರಲಿ, ತಾಯಿಯ ಅಣ್ಣನ ಮಾತಿಲ್ಲದೆ ಮುಂದೆ ಹೋಗುವುದಿಲ್ಲ. ನನ್ನ ತಂಗಿಗೆ ಮೂಡುಬಿದಿರೆಯದೇ ಒಂದು ಸಂಬಂಧ ತಂದವರೂ ಅವರೇ. ಹುಡುಗ ನೋಡಿ ಹೋಗಿದ್ದ, ತಂಗಿಗೂ ಮನಸ್ಸಿತ್ತು, ನಿಶ್ಚಯಕ್ಕೆ ಒಂದು ಒಳ್ಳೆಯ ದಿನ ನೋಡುವುದಷ್ಟೇ ಬಾಕಿ.

"ಓದು," ಎಂದರು. "ನೀನು ವಕೀಲೆ ಅಲ್ವಾ? ಓದು."

ಹೈಕೋರ್ಟಿನ ತೀರ್ಪೊಂದರ ಮೂರನೆಯ ಪ್ಯಾರಾದ ಫೋಟೋ ಅದು. ಇಂಗ್ಲಿಷಿನಲ್ಲಿತ್ತು. ಯಾರೋ ಹಳದಿ ಗೆರೆ ಎಳೆದಿದ್ದರು. ಹೆಂಡತಿ ತಾನಾಗಿಯೇ ಗಂಡನ ಮನೆ ಬಿಟ್ಟು ಹೋದವಳು, ಜಗಳಗಂಟಿ, ನಡತೆಯೂ ಸರಿಯಿಲ್ಲ, ಬೀಡಿ ಕಟ್ಟಿ ಬೇಕಾದಷ್ಟು ಸಂಪಾದಿಸುತ್ತಾಳೆ, ಆದ್ದರಿಂದ ಗಂಡ ಜೀವನಾಂಶ ಕೊಡಬೇಕಾಗಿಲ್ಲ. ಅದರ ಜೊತೆ ಇನ್ನೊಂದು ಫೋಟೋ, ಮೊದಲ ಪುಟದ್ದು. ಅದರಲ್ಲಿ ಅಮ್ಮನ ಹೆಸರು, ಊರಿನ ಹೆಸರು ಸಮೇತ.

ಕಳಿಸಿದವರು ಹುಡುಗನ ಅಕ್ಕ. ಸಂಬಂಧ ಗಟ್ಟಿ ಮಾಡುವ ಮೊದಲು ಈಗ ಎಲ್ಲರೂ ಮಾಡುವ ಹಾಗೆ ಅವರೂ ನಮ್ಮ ಮನೆಯವರ ಹೆಸರುಗಳನ್ನು ಮೊಬೈಲಿನಲ್ಲಿ ಹುಡುಕಿದ್ದರು.

"ಹೈಕೋರ್ಟೇ ಬರೆದದ್ದಂತೆ," ಎಂದರು ಮಾವ. "ಇಡೀ ಲೋಕಕ್ಕೆ ಕಾಣ್ತದಂತೆ. ಮೂಡುಬಿದಿರೆಯಲ್ಲಿ ನನಗೆ ತಲೆ ಎತ್ತಿ ನಡೀಲಿಕ್ಕುಂಟಾ ಇನ್ನು?"

ಜಗಲಿಯಲ್ಲಿ ಅಮ್ಮ ಮತ್ತು ಪಕ್ಕದ ಮನೆಯ ಅಕ್ಕ ಮೊರಗಳನ್ನು ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಸಂಜೆ ಬೀಡಿ ಕಂಪೆನಿಯ ಬ್ರಾಂಚಿಗೆ ಕೊಂಡುಹೋಗಬೇಕಾದದ್ದು. ಅಮ್ಮನ ಕೈ ನಿಲ್ಲಲಿಲ್ಲ. "ಎಂತದಂತೆ?" ಎಂದು ಮಾತ್ರ ಕೇಳಿದರು.

ನಮ್ಮ ಮಾತೆಲ್ಲ ತುಳುವಿನಲ್ಲಿ. ಇಲ್ಲಿ ಅದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಆ ತೀರ್ಪಿನ ವಿಷಯ ಹೇಳಬೇಕು. ನನ್ನ ಅಪ್ಪ ಮುಂಬೈಯ ಹೋಟೆಲಿಗೆ ಕೆಲಸಕ್ಕೆ ಹೋದವರು ಅಲ್ಲಿಯೇ ಇನ್ನೊಂದು ಸಂಸಾರ ಮಾಡಿಕೊಂಡರು. ತಂಗಿ ಆಗ ಇನ್ನೂ ಅಂಬೆಗಾಲಿಡುತ್ತಿದ್ದಳು. ಅಮ್ಮ ಬಂಟ್ವಾಳದ ಕೋರ್ಟಿನಲ್ಲಿ ಜೀವನಾಂಶಕ್ಕೆ ಅರ್ಜಿ ಹಾಕಿದರು, ಗೆದ್ದರು. ಅಪ್ಪ ಅದನ್ನು ಮೇಲಿನ ಕೋರ್ಟಿಗೆ ಎಳೆದರು, ಅಲ್ಲಿಂದ ಹೈಕೋರ್ಟಿಗೂ ಎಳೆದರು. ಬೆಂಗಳೂರಿಗೆ ಅಮ್ಮ ಹೋಗಲಿಲ್ಲ. ಒಂದು ದಿನ ವಕೀಲರು "ಆಯ್ತಮ್ಮ, ನಿಮ್ಮ ಪರವಾಗಿಯೇ ಆಯ್ತು" ಎಂದರು. ಅಮ್ಮನಿಗೆ ತಿಳಿದ ತೀರ್ಪು ಅಷ್ಟೇ, ಆ ಒಂದು ವಾಕ್ಯ.

ನಾನು ನಮ್ಮ ಮನೆಯಲ್ಲಿ ಡಿಗ್ರಿ ಪಡೆದ ಮೊದಲಿಗಳು. ಇದನ್ನು ಎಲ್ಲಿ ಬೇಕಾದರೂ ಹೇಳುತ್ತೇನೆ, ಹೇಳಲು ನಾಚಿಕೆಯಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ, ಮೆಲ್ಕಾರಿನಲ್ಲಿ ಬಸ್ಸು ಹಿಡಿದು ಮಂಗಳೂರಿಗೆ ಹೋಗಿ ಕಾನೂನು ಕಲಿತೆ. ಕಲಿತು ಬಂದು ಒಬ್ಬ ಹಿರಿಯ ವಕೀಲರ ಕೈಕೆಳಗೆ ಸೇರಿದಾಗ ಗೊತ್ತಾಯಿತು, ಡಿಗ್ರಿ ಸಾಕಾಗುವುದಿಲ್ಲ ಎಂದು. ಹಳೆಯ ತೀರ್ಪುಗಳ ಪುಸ್ತಕ ಬೇಕು. ನನ್ನ ಜೊತೆ ಕಲಿತ ಒಬ್ಬನಿಗೆ ಅಪ್ಪನ ಆಫೀಸಿತ್ತು, ಅಪ್ಪನ ಕಪಾಟುಗಳಿದ್ದವು, ಗೋಡೆ ತುಂಬ ಕೆಂಪು ಬೆನ್ನಿನ ಸಂಪುಟಗಳು. ನಮ್ಮ ಹಿರಿಯ ವಕೀಲರ ಕಪಾಟಿಗೆ ಬೀಗವಿತ್ತು. ಒಳ್ಳೆಯವರೇ, ಕೇಳಿದರೆ ತೆಗೆದುಕೊಡುತ್ತಿದ್ದರು. ಆದರೆ ಏನು ಕೇಳಬೇಕೆಂದು ಗೊತ್ತಿಲ್ಲದವಳು ಏನು ಕೇಳುವುದು?

ನನ್ನನ್ನು ವಕೀಲೆ ಮಾಡಿದ್ದು ಮೊಬೈಲು. ನ್ಯಾಯಾಲಯಗಳ ಜಾಲತಾಣದಲ್ಲಿ ತೀರ್ಪುಗಳೆಲ್ಲ ಬಿಟ್ಟಿಯಾಗಿ ಇದ್ದವು. ಕಾಯಿದೆಗಳೂ ಇದ್ದವು. ಬಸ್ಸಿನಲ್ಲಿ ನಿಂತುಕೊಂಡು ಓದಿದೆ, ಇಂಗ್ಲಿಷು ತಿಳಿಯದ ಕಡೆ ನಿಘಂಟು ನೋಡಿ ಓದಿದೆ, ಸರ್ವರ್ ಬಿದ್ದುಹೋದರೆ ಕಾದು ಕೂತು ಓದಿದೆ. ನನಗೂ ಅಪ್ಪನ ಆಫೀಸಿದ್ದ ಆ ಹುಡುಗನಿಗೂ ಅಲ್ಲಿ ತೆರೆದುಕೊಳ್ಳುತ್ತಿದ್ದ ಪುಟ ಒಂದೇ.

ಅಮ್ಮನ ತೀರ್ಪು ನನಗೆ ಸಿಕ್ಕಿದ್ದೂ ಹಾಗೆಯೇ. ಚಾರ್ಮಾಡಿ ಕಡೆಯ ಒಬ್ಬ ಹೆಂಗಸಿನ ಜೀವನಾಂಶದ ಕೇಸು, ಬೆಳ್ತಂಗಡಿ ಕೋರ್ಟಿನಲ್ಲಿ. ಇವಳು ಬೀಡಿ ಕಟ್ಟುತ್ತಾಳೆ, ಇವಳಿಗೆ ಸಂಪಾದನೆ ಉಂಟು, ನಾನೇಕೆ ಕೊಡಬೇಕು ಎಂದು ಆಕೆಯ ಗಂಡನ ವಾದ. ಇದಕ್ಕೆ ಯಾರಾದರೂ ಎಲ್ಲಿಯಾದರೂ ಉತ್ತರ ಕೊಟ್ಟಿರಬೇಕಲ್ಲ ಎಂದು 'ಬೀಡಿ' ಎಂಬ ಶಬ್ದ ಹಾಕಿ ಹುಡುಕಿದೆ. ಬಂದ ತೀರ್ಪುಗಳಲ್ಲಿ ಒಂದರ ಮೇಲೆ ಅಮ್ಮನ ಹೆಸರಿತ್ತು. ಅದರ ಪ್ರತಿಯನ್ನೇ ನ್ಯಾಯಾಧೀಶರ ಮುಂದಿಟ್ಟೆ. ಆ ಹೆಂಗಸಿಗೆ ಜೀವನಾಂಶ ಆಯಿತು. ಮನೆಗೆ ಬಂದು ಹೇಳಿದಾಗ ಅಮ್ಮ, "ಅವಳಿಗೆ ಸಿಕ್ತಲ್ಲ? ಸಾಕು" ಎಂದು ಒಳಗೆ ಹೋಗಿದ್ದರು. ಓದಿ ಹೇಳು ಎನ್ನಲಿಲ್ಲ. ಅದು ಅವರ ನೋವು, ನಾನು ಒತ್ತಾಯ ಮಾಡಲಿಲ್ಲ.

ಈಗ ಅದೇ ತೀರ್ಪನ್ನು ಮಾವ ಮೊಬೈಲಿನಲ್ಲಿ ಹಿಡಿದು ನಿಂತಿದ್ದರು.

"ಒಂದು ಅರ್ಜಿ ಹಾಕು," ಎಂದರು. "ಅದನ್ನು ಅಲ್ಲಿಂದ ತೆಗೆಸು. ಇಷ್ಟು ಓದಿದ್ದು ಮತ್ತೆ ಎಂತಕ್ಕೆ?"

"ತೀರ್ಪನ್ನೇ ತೆಗೀಲಿಕ್ಕೆ ಆಗುದಿಲ್ಲ ಮಾವ. ಹೆಸರಿನ ಜಾಗದಲ್ಲಿ ಬರೀ ಅಕ್ಷರ ಹಾಕಿ ಅಂತ ಕೇಳಬಹುದು. ಕೊಟ್ಟರೂ ಕೊಟ್ಟಾರು."

"ಹಾಂ, ಅದೇ. ಅದನ್ನು ಮಾಡು."

ಅಂಥ ಅರ್ಜಿ ಹಾಕುವವರನ್ನು ನಾನು ತಪ್ಪೆನ್ನುವುದಿಲ್ಲ. ಮುಚ್ಚಬೇಕಾದ ಹೆಸರುಗಳು ಇವೆ, ಮುಚ್ಚದಿದ್ದರೆ ಬದುಕೇ ಹಾಳಾಗುವ ಹೆಣ್ಣುಮಕ್ಕಳಿದ್ದಾರೆ. ಅಮ್ಮ ಬೇಕು ಎಂದರೆ ಮರುದಿನವೇ ನಾನು ಬರೆಯಲು ಕೂರುತ್ತಿದ್ದೆ. ಆದರೆ ಆ ಹೆಸರು ಮಾವನದ್ದೂ ಅಲ್ಲ, ನನ್ನದೂ ಅಲ್ಲ.

"ಅಮ್ಮ ಹೇಳಲಿ," ಎಂದೆ.

ಅಮ್ಮ ಕಟ್ಟಿದ ಬೀಡಿಯ ಬಾಯಿ ಮಡಚಿ ಮೊರದಲ್ಲಿ ಹಾಕಿದರು. "ಅದರಲ್ಲಿ ಎಂತ ಉಂಟು ಅಂತಲೇ ನನಗೆ ಗೊತ್ತಿಲ್ಲ. ಗೊತ್ತಿಲ್ಲದೆ ಮುಚ್ಚು ಅಂತ ಹೇಗೆ ಹೇಳುದು? ಪೂರ್ತಿ ಓದು. ತುಳುವಿನಲ್ಲಿ ಹೇಳು."

"ಇವರ ಎದುರಿನಲ್ಲಿಯಾ?" ಎಂದು ಮಾವ ಪಕ್ಕದ ಮನೆಯ ಅಕ್ಕನ ಕಡೆ ಕಣ್ಣು ಹಾಯಿಸಿದರು.

"ನಾನು ಎಲೆ ಕತ್ತರಿಸ್ತೇನೆ ಮಾರಾಯ್ರೆ, ಕಿವಿ ಕತ್ತರಿಸಿಕೊಳ್ಳಲಿಕ್ಕೆ ಆಗ್ತದಾ?" ಎಂದರು ಅಕ್ಕ. "ಲೋಕಕ್ಕೆ ಕಾಣ್ತದೆ ಅಂತ ನೀವೇ ಹೇಳಿದ್ದಲ್ವಾ? ನಾನೂ ಲೋಕವೇ."

ಲ್ಯಾಪ್‌ಟಾಪ್ ತಂದು ಜಗಲಿಯ ಮೆಟ್ಟಿಲಲ್ಲಿ ಕೂತೆ. ಒಂದೊಂದೇ ಪ್ಯಾರಾ ಓದಿ ತುಳುವಿನಲ್ಲಿ ಹೇಳುತ್ತಾ ಹೋದೆ. ಮೂರನೆಯದು ಬಂತು. ಸುಲಭವಾಗಿರಲಿಲ್ಲ. ನಡತೆಯ ಮಾತು ಬಂದಾಗ ನನ್ನ ದನಿ ತಗ್ಗಿತು.

"ಗಟ್ಟಿ ಹೇಳು," ಎಂದರು ಅಮ್ಮ.

ಗಟ್ಟಿಯಾಗಿ ಹೇಳಿದೆ. ಹೇಳಿ, "ಇದು ಜಡ್ಜರ ಮಾತಲ್ಲ, ಅಪ್ಪನ ವಕೀಲರ ವಾದ," ಎಂದೆ.

"ಎಂತ? ಜಡ್ಜರು ಬರೆದದ್ದಲ್ವಾ?" ಎಂದರು ಮಾವ.

"ಬರೆದದ್ದು ಅವರೇ. ಆದರೆ ಅವರ ತೀರ್ಮಾನ ಅಲ್ಲ. ಗಂಡನ ಕಡೆಯವರು ಹೀಗೆ ವಾದ ಮಾಡ್ತಾರೆ ಅಂತ ಮೊದಲು ಬರೀತಾರೆ. ನಾಲ್ಕನೇ ಪ್ಯಾರಾದಲ್ಲಿ ಅಮ್ಮನ ಕಡೆಯದ್ದು ಉಂಟು. ತೀರ್ಮಾನ ಮುಂದೆ ಬರುದು."

"ಹಾಗಾದರೆ ಸುಳ್ಳನ್ನು ಯಾಕೆ ಬರೆದಿಡುದು?" ಪಕ್ಕದ ಮನೆಯ ಅಕ್ಕನಿಗೆ ಸಿಟ್ಟೇ ಬಂತು. "ಸುಳ್ಳು ಅಂತ ಗೊತ್ತಿದ್ದ ಮೇಲೆ?"

"ಎರಡೂ ಕಡೆ ಕೇಳಿದ್ದೇನೆ ಅಂತ ತೋರಿಸ್ಲಿಕ್ಕೆ ಅಕ್ಕ. ಇಲ್ಲದಿದ್ದರೆ ಸೋತವ ಹೇಳ್ತಾನೆ, ನನ್ನ ಮಾತು ಕೇಳಲೇ ಇಲ್ಲ ಅಂತ."

ಮಾವ ಅಂಗಳದಿಂದ ಬಂದು ಜಗಲಿಯ ತುದಿಯಲ್ಲಿ ಕೂತರು.

ಕೊನೆಗೆ ನ್ಯಾಯಾಧೀಶರ ಮಾತು ಬಂತು. ಬಿಟ್ಟುಹೋದದ್ದು ಗಂಡ, ಹೆಂಡತಿಯಲ್ಲ. ನಡತೆಯ ಬಗ್ಗೆ ಹೇಳಿದ್ದಕ್ಕೆ ಒಂದು ಸಾಕ್ಷಿಯೂ ಇಲ್ಲ, ಅಂಥ ಮಾತನ್ನು ವಾದದಲ್ಲಿ ಹಗುರಾಗಿ ಎತ್ತಬಾರದಿತ್ತು. ಮಕ್ಕಳು ಉಪವಾಸ ಬೀಳಬಾರದೆಂದು ಬೀಡಿ ಕಟ್ಟುವ ಹೆಂಗಸನ್ನು ತನ್ನ ಕಾಲ ಮೇಲೆ ನಿಂತವಳು ಎಂದು ಕರೆಯಲಾಗದು. ಆಕೆಯ ದುಡಿಮೆಯನ್ನೇ ತೋರಿಸಿ ಗಂಡ ತನ್ನ ಹೊಣೆಯಿಂದ ಜಾರಿಕೊಳ್ಳಲು ಬರುವುದಿಲ್ಲ.

ಅಮ್ಮನ ಕೈ ಆಗ ನಿಂತಿತು.

"ಇದು ಇಷ್ಟು ವರ್ಷ ಅಲ್ಲಿ ಇತ್ತಾ?"

"ಇತ್ತು."

"ಎಲ್ಲರಿಗೂ ಓದ್ಲಿಕ್ಕೆ ಆಗ್ತಿತ್ತಾ?"

"ಎಲ್ಲರಿಗೂ."

"ನನ್ನನ್ನು ಬಿಟ್ಟು," ಎಂದರು. ಅಳಲಿಲ್ಲ. ಸೆರಗಿನಿಂದ ಬೆರಳು ಒರೆಸಿಕೊಂಡರು, ಹೊಗೆಸೊಪ್ಪಿನ ಪುಡಿ ಮೆತ್ತಿಕೊಂಡ ಬೆರಳುಗಳು. ಮತ್ತೆ ಮಾವನ ಕಡೆ ತಿರುಗಿದರು.

"ಅಣ್ಣ, ನಾನು ಕೋರ್ಟಿಗೆ ಹೋದಾಗ ಅಲ್ಲಿನ ಜವಾನರು ವರಾಂಡದಲ್ಲಿ ನಿಂತು ನನ್ನ ಹೆಸರು ಕೂಗ್ತಿದ್ರು. ಬೀದಿಗೆ ಕೇಳುವ ಹಾಗೆ. ಪೇಟೆಗೆ ಬಂದ ನಮ್ಮ ಊರಿನವರು ನಿಂತು ನೋಡ್ತಿದ್ರು. ಆಗ ನೀನು ಎಂತ ಹೇಳಿದ್ದಿ? ಕೇಸು ಬೇಡ, ಹೊಂದಿಕೊಂಡು ಹೋಗು ಅಂತ. ನಾನು ಕೇಳಲಿಲ್ಲ. ಬಾಗಿಲು ತೆರೆದ ಕೋರ್ಟಿನಲ್ಲಿ ನಿಂತು ಹೇಳಿದ್ದೇನೆ. ಈಗ ಯಾಕೆ ಮುಚ್ಚುದು? ತಪ್ಪು ಮಾಡಿದ್ದು ನಾನಲ್ಲ ಅಂತ ಅದರಲ್ಲೇ ಉಂಟಲ್ಲ."

"ನಿನ್ನದು ಸರಿ ಮಾರಾಯ್ತಿ," ಎಂದರು ಮಾವ, ಸೋತ ದನಿಯಲ್ಲಿ. "ಆದರೆ ಮದುವೆ ನಿನ್ನದಲ್ಲ."

ಅದೂ ಸರಿಯೇ. ಅಮ್ಮನೂ ಒಪ್ಪಿದರು. "ಅವಳು ಬರಲಿ. ಹೆಸರು ನನ್ನದು, ಮದುವೆ ಅವಳದ್ದು. ಅವಳಿಗೆ ಅದು ಕಷ್ಟ ಆಗ್ತದೆ ಅಂತಾದರೆ ಮುಚ್ಚುವ. ನಾನು ಬೇಜಾರು ಮಾಡುದಿಲ್ಲ."

ತಂಗಿ ಬಂಟ್ವಾಳದ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ. ಸಂಜೆ ಬಂದವಳು ಬ್ಯಾಗು ಕೂಡ ಇಳಿಸದೆ ಎಲ್ಲ ಕೇಳಿದಳು. ಹುಡುಗನನ್ನು ಅವಳಿಗೆ ಇಷ್ಟವಾಗಿತ್ತು. ಫೋನಿನಲ್ಲಿ ಮಾತಾಡುವಾಗ ಅವಳು ನಗುತ್ತಿದ್ದ ರೀತಿಯಲ್ಲೇ ನನಗೆ ಅದು ಗೊತ್ತು. ಬ್ಯಾಗನ್ನು ಕೆಳಗಿಟ್ಟು, "ಅವರು ಅರ್ಧ ಓದಿದ್ದಲ್ವಾ? ಪೂರ್ತಿ ಓದಿಸುವ. ಅಕ್ಕ, ನೀನು ಕನ್ನಡದಲ್ಲಿ ಬರೆದು ಕೊಡು. ಓದಿದ ಮೇಲೆ ಅವರು ಎಂತ ಹೇಳ್ತಾರೆ ನೋಡುವ," ಎಂದಳು.

ಬರೆಯಲು ಕೂತೆ. ಓದಿ ತುಳುವಿನಲ್ಲಿ ಹೇಳಿದಷ್ಟು ಸುಲಭವಲ್ಲ ಅದು. ಒಂದು ವಾಕ್ಯಕ್ಕೆ ಬಾಲ ಬೆಳೆದು ಅರ್ಧ ಪುಟ ಓಡುತ್ತದೆ. ಅದನ್ನು ತುಂಡು ಮಾಡಬೇಕು, ಅರ್ಥ ತುಂಡಾಗಬಾರದು. ಕೋರ್ಟು ಮುಗಿಸಿ ಬಂದು ಬರೆದೆ, ಭಾನುವಾರ ಬರೆದೆ. ಯಾರು ಹೇಳಿದ್ದು ಎಂಬುದನ್ನು ಪ್ರತಿ ಪ್ಯಾರಾದ ತಲೆಯಲ್ಲಿ ಹಾಕಿದೆ: ಇದು ಗಂಡನ ವಾದ, ಇದು ಹೆಂಡತಿಯ ವಾದ, ಇದು ನ್ಯಾಯಾಲಯದ ತೀರ್ಮಾನ. ತಂಗಿ ಅದನ್ನೂ ಮೂಲ ತೀರ್ಪಿನ ಲಿಂಕನ್ನೂ ಹುಡುಗನಿಗೂ ಅವನ ಅಕ್ಕನಿಗೂ ಕಳಿಸಿದಳು.

ಉತ್ತರ ಬಂದದ್ದು ಮಾವನಿಗೆ. ಮಾವ ಫೋನಿನ ಸ್ಪೀಕರ್ ಹಾಕಿ ನಮ್ಮ ಜಗಲಿಯಲ್ಲೇ ಮಾತಾಡಿದರು. ಹುಡುಗನ ಅಕ್ಕ ಒರಟಾಗಿ ಮಾತಾಡಲಿಲ್ಲ. ಓದಿದೆವು ಎಂದರು. ಹುಡುಗಿಯ ಅಮ್ಮನದು ಏನೂ ತಪ್ಪಿಲ್ಲ, ನಮಗೆ ಅರ್ಥವಾಯಿತು ಎಂದರು. "ಆದರೆ ಎಲ್ಲರೂ ಪೂರ್ತಿ ಓದುದಿಲ್ಲ ಅಲ್ವಾ? ನಾಳೆ ನಮ್ಮ ನೆಂಟರು ಹುಡುಕ್ತಾರೆ, ಕೇಳ್ತಾರೆ. ಆ ಹೆಸರು ಒಂದು ತೆಗೆಸಿಬಿಡಿ. ಮತ್ತೆ ನಮ್ಮದು ಏನೂ ಇಲ್ಲ, ನಿಶ್ಚಯ ಮಾಡುವ."

ಮಾವ ನನ್ನನ್ನು ನೋಡಿದರು. ನಾನು ತಂಗಿಯನ್ನು ನೋಡಿದೆ. ಅಮ್ಮ ಬಾಯಿ ತೆರೆದರು. ಮಗಳಿಗಾಗಿ ಒಪ್ಪಿಬಿಡಲು ಹೊರಟಿದ್ದರು, ನನಗೆ ಅದು ಗೊತ್ತಾಯಿತು. ಅಷ್ಟರಲ್ಲಿ ತಂಗಿ ಮಾವನ ಕೈಯಿಂದ ಫೋನು ತೆಗೆದುಕೊಂಡಳು.

"ಅವರು ಎಂತ ಹೇಳ್ತಾರೆ?" ಎಂದು ಕೇಳಿದಳು. ಹುಡುಗನ ವಿಷಯ.

"ಅವನೂ ಹಾಗೆಯೇ ಹೇಳುದು. ತೆಗೆಸಿದರೆ ಒಳ್ಳೆದು ಅಂತ."

"ಅವರಿಗೂ ಹಾಗೆಯೇ ಕಂಡದ್ದಾ?"

ಆ ಕಡೆಯಿಂದ "ಹೌದಮ್ಮ" ಎಂದು ಕೇಳಿಸಿತು.

"ಹಾಗಾದರೆ ಬೇಡ ಅಕ್ಕ," ಎಂದಳು ತಂಗಿ. "ಓದಿದ ಮೇಲೂ ನಾಚಿಕೆ ಆಗ್ತದೆ ಅಂತಾದರೆ, ನಾಳೆ ನಮ್ಮ ಅಮ್ಮ ನಿಮ್ಮ ಮನೆಗೆ ಬಂದಾಗಲೂ ಆಗ್ತದೆ. ನಾವು ತೆಗೆಸುದಿಲ್ಲ."

ಫೋನು ಮಾವನ ಕೈಗೆ ಕೊಟ್ಟು ಒಳಗೆ ಹೋದಳು. ಅತ್ತಳು. ಅಳಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಅಮ್ಮ ಹೋಗಿ ಹತ್ತಿರ ಕೂತರು. ಮಾವ ನನಗೆ ಬೈದರು, ಕಾನೂನಿಗೆ ಬೈದರು, ಮೊಬೈಲು ಕಂಡುಹಿಡಿದವನಿಗೂ ಬೈದರು. ಮುಂದಿನ ವಾರ ಮೂಡುಬಿದಿರೆಯಿಂದ ಬಂದ ಪರಿಚಯದವರೊಬ್ಬರು ಹೇಳಿದರು, "ಹುಡುಗಿ ಕಡೆಯವರೇ ಬೇಡ ಅಂದದ್ದು, ಅವರಿಗೆ ಅಷ್ಟು ಧೈರ್ಯ ಉಂಟು" ಎಂದು ಮಾವ ಅಲ್ಲಿ ಎದೆಯುಬ್ಬಿಸಿ ಹೇಳಿಕೊಂಡು ತಿರುಗುತ್ತಿದ್ದಾರಂತೆ.

ತಂಗಿ ಮತ್ತೆ ಕೆಲಸಕ್ಕೆ ಹೊರಟ ಮೇಲೆ ನಾನು ಅಮ್ಮನನ್ನು ಕೇಳಿದೆ. ಆ ಹುಡುಗನ ಅಕ್ಕ ಕೆಟ್ಟವರಲ್ಲ. ಅವರು ಎಡವಿದ ಕಡೆಯೇ ನಮ್ಮ ಊರಿನ ಎಷ್ಟೋ ಜನ ಎಡವುತ್ತಾರೆ. ತೀರ್ಪು ಎಲ್ಲರಿಗೂ ತೆರೆದಿದೆ ಎಂದರೆ ಸಾಲದು, ಓದುವ ದಾರಿಯೂ ತೆರೆದಿರಬೇಕು. ಬೀಡಿ ಕಟ್ಟುವವರಿಗೆ, ಕೂಲಿ ಮಾಡುವವರಿಗೆ ಬೇಕಾಗುವ ತೀರ್ಪುಗಳನ್ನು ಒಂದೊಂದಾಗಿ ಕನ್ನಡದಲ್ಲಿ ಬರೆದು, ಮೂಲದ ಲಿಂಕಿನ ಜೊತೆ ಎಲ್ಲರಿಗೂ ಸಿಗುವ ಹಾಗೆ ಹಾಕುತ್ತೇನೆ, ಮೊದಲನೆಯದಾಗಿ ನಿಮ್ಮದನ್ನು ಹಾಕಲೇ ಎಂದೆ.

"ಹಾಕು," ಎಂದರು ಅಮ್ಮ, ನೂಲು ಸುತ್ತುತ್ತಾ. "ಆದರೆ ಜಡ್ಜರು ಕೊನೆಗೆ ಹೇಳಿದ್ದನ್ನು ಮೇಲೆ ಹಾಕು. ನಿನ್ನ ಅಪ್ಪನ ಮಾತು ಕೆಳಗೆ ಇರಲಿ. ಬೇಕಾದವರು ಇಳಿದು ಹೋಗಿ ಓದಲಿ."

ಈಗ ಹಾಗೆಯೇ ಹಾಕುತ್ತಿದ್ದೇನೆ.