ಜೀವಂತ ಬೆರಳು

ಕಂಪ್ಯೂಟರ್ ಬಿಡಿಭಾಗಗಳನ್ನು ಪರೀಕ್ಷಿಸಿ ವಿಮರ್ಶೆ ಬರೆಯುವುದು ನನ್ನ ಕೆಲಸ. ಯಂತ್ರಗಳಿಗೆ ನಾನು ಹೆದರುವುದಿಲ್ಲ, ಅವು ಸಾಮಾನ್ಯವಾಗಿ ಪೆದ್ದು. ಈಚೆಗೆ ಬಂದದ್ದು ರೇಷನ್ ಅಂಗಡಿಗಳಿಗೆಂದು ಮಾಡಿದ ಬೆರಳಚ್ಚು ಯಂತ್ರ. ರಬ್ಬರ್ ಬೆರಳಿಟ್ಟು ಮೋಸ ಮಾಡುವವರನ್ನು ತಡೆಯಲು, ಅದು ಮೊದಲು ಬೆರಳಿಗೆ ಜೀವವಿದೆಯೇ ಎಂದು ನೋಡುತ್ತದೆ.

ಅದನ್ನು ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಒಂದು ಶೆಡ್ಡಿಗೆ ಒಯ್ದೆ. ಇಪ್ಪತ್ತು ವರ್ಷ ಬಿಸಿನೀರಿನಲ್ಲಿ ಕೈಯಾಡಿಸಿ ಗೂಡಿನ ಎಳೆ ಹುಡುಕಿದ ಮುನಿರತ್ನಮ್ಮನವರ ಬೆರಳ ತುದಿಗಳು ಬೆಳ್ಳಗೆ, ಒಂದು ಗೆರೆಯೂ ಇಲ್ಲದೆ ನುಣ್ಣಗಿದ್ದವು. ಹತ್ತನ್ನೂ ಇಟ್ಟು ನೋಡಿದರು. ಯಂತ್ರ ಹತ್ತು ಸಲವೂ ಅದೇ ಸೌಮ್ಯ ದನಿಯಲ್ಲಿ ಹೇಳಿತು: “ದಯವಿಟ್ಟು ಜೀವಂತ ಬೆರಳು ಇಡಿ.”

“ಎರಡು ತಿಂಗಳಿಂದ ಅಕ್ಕಿ ಸಿಕ್ಕಿಲ್ಲ. ಅಂಗಡಿ ಮಿಷಿನ್ನು ಬರೀ ಆಗಲ್ಲ ಅಂತಿತ್ತು, ಇದು ನನ್ನ ಸಾಯಿಸೇ ಬಿಡ್ತಲ್ಲಪ್ಪ,” ಎಂದರು.

ಆಮೇಲೆ ಗೂಡು ಕುದಿಯುವ ಬಾಣಲೆಯಿಂದ ಬೆಂದ ರೇಷ್ಮೆ ಹುಳುವೊಂದನ್ನು ತೆಗೆದು ಗಾಜಿನ ಮೇಲಿಟ್ಟರು. ಹಸಿರು ದೀಪ ಹತ್ತಿತು. “ಜೀವಂತ ಬೆರಳು ಸಿಕ್ಕಿದೆ. ಅಲ್ಲಾಡಿಸಬೇಡಿ.”

ಹುಳು ಅಲ್ಲಾಡಲಿಲ್ಲ. ಶೆಡ್ಡಿನಲ್ಲಿ ಯಾರೂ ನಗಲಿಲ್ಲ. ಬೆಚ್ಚಗೆ, ಒದ್ದೆಯಾಗಿ, ಹುಳುವಿನ ಮೈಯಂತೆ ಗೆರೆಗೆರೆಯಾಗಿ ಇರುವುದೆಲ್ಲ ಯಂತ್ರಕ್ಕೆ ಜೀವವೇ ಎಂದು ವಿವರಿಸಿದೆ.

“ನಂದೂ ಬೆಚ್ಚಗೇ ಐತಲ್ಲ, ನೋಡು,” ಎಂದು ಅವರು ನನ್ನ ಮಣಿಕಟ್ಟು ಹಿಡಿದರು. ಬೆಚ್ಚಗಿತ್ತು, ಒದ್ದೆಯೂ ಇತ್ತು. ಅವರು ಬೇಗ ಬಿಡಲಿಲ್ಲ.

ಎರಡೂ ಸಂಗತಿಗಳನ್ನು ವರದಿಯಲ್ಲಿ ಬರೆದೆ. ವಾರದೊಳಗೆ ಕಂಪನಿಯಿಂದ ಧನ್ಯವಾದ ಬಂತು. ಮುಂದಿನ ಮಾದರಿಯಲ್ಲಿ ಹುಳುವಿನ ಸಮಸ್ಯೆ ಸರಿಹೋಗಲಿದೆಯಂತೆ. ಮುನಿರತ್ನಮ್ಮನವರ ವಿಷಯ ಅದರಲ್ಲಿರಲಿಲ್ಲ.