ರೆಬೆಕಾಳ ಎಂಟನೆಯ ಸಂಜೆ

ರೆಬೆಕಾ, ಮಸ್ಕತ್ತಿನ ನಿನ್ನ ಕೆಲಸ ಕಳೆದವಳು ನಾನು. ನೀನು ಯಹೂದಿಯೆಂದು ಮ್ಯಾನೇಜರ್ ಕಿವಿಗೆ ಹಾಕಿದವಳು ನಾನೇ — ಬೇರೆ ಯಾರೂ ಅಲ್ಲ.

ಎಂಬತ್ತರ ದಶಕದ ಕೊನೆ. ಉಡುಪಿಯ ನಾನು, ಮುಂಬಯಿ ಪಕ್ಕದ ಠಾಣೆಯ ನೀನು — ರೂವಿಯ ಒಂದೇ ಟ್ರೇಡಿಂಗ್ ಆಫೀಸು, ದಾರ್ಸೈಟಿನ ಒಂದೇ ಫ್ಲ್ಯಾಟು. ಹೆಸರು ಕೇಳಿ ಎಲ್ಲರೂ ನಿನ್ನನ್ನು ಕ್ರಿಶ್ಚಿಯನ್ ಅಂದುಕೊಂಡಿದ್ದರು, ನೀನು ತಿದ್ದಿರಲಿಲ್ಲ. ಆ ವರ್ಷದ ದೀಪಾವಳಿಗೆ ಬಾಲ್ಕನಿಯ ಹಣತೆಗಳನ್ನು ನನ್ನ ಜೊತೆ ಹಚ್ಚಿದವಳು ನೀನು.

ಡಿಸೆಂಬರಿನ ಒಂದು ಸಂಜೆ ನಿನ್ನ ಕೋಣೆಗೆ ಬಂದೆ. ಸೀರೆಯಲ್ಲಿ ಸುತ್ತಿಟ್ಟಿದ್ದ ಹಿತ್ತಾಳೆಯ ಮೆನೋರಾ ಹೊರಬಂದಿತ್ತು — ಒಂಬತ್ತು ಕವಲಿನ ದೀಪ. ನಡುವಿನ ಮೇಣದ ಬತ್ತಿಯಿಂದ ಉಳಿದವನ್ನು ಹಚ್ಚಬೇಕು, ದಿನಕ್ಕೊಂದು ಹೆಚ್ಚಿಸುತ್ತ, ಎಂಟು ಸಂಜೆ. ನಿಮ್ಮ ಹನುಕ್ಕಾ ಹಬ್ಬ. ಕಿಟಕಿಯಲ್ಲಿಟ್ಟು ಬೀದಿಗೆ ಕಾಣಿಸಬೇಕಂತೆ — ಅದನ್ನು ಹೇಳುತ್ತಲೇ ನೀನು ಪರದೆ ಎಳೆದೆ.

"ಯಾರಿಗೂ ಹೇಳಬೇಡ, ಹಾಂ?"

"ನಾನ್ಯಾರಿಗೆ ಹೇಳಲಿ!" ಎಂದು ನಕ್ಕೆ.

ಆ ವಾರವೇ ಬೌಷರಿನ ಹೊಸ ಆಫೀಸಿನ ಉಸ್ತುವಾರಿ ನಿನಗೆಂದು ತಿಳಿಯಿತು. ನಿನಗಿಂತ ಮೊದಲು ಸೇರಿದವಳು ನಾನು... ಆದರೆ ನಿನ್ನ ಕೆಲಸ ನನ್ನದಕ್ಕಿಂತ ಮೇಲು. ಅದು ನನಗೂ ಗೊತ್ತಿತ್ತು.

ಮ್ಯಾನೇಜರ್ ಶೆಟ್ಟರು ನಮ್ಮ ಕಡೆಯವರು. ಅವರಿಗೆ ಹೇಳಿದೆ: "ಶೆಟ್ರೇ, ಒಂದು ವಿಷಯ ಗೊತ್ತುಂಟಾ? ರೆಬೆಕಾ ಕ್ರಿಶ್ಚಿಯನ್ ಅಲ್ಲ. ಯಹೂದಿ."

"ಹೌದಾ ಮಾರಾಯ್ತಿ? ಕಫೀಲಿಗೆ ಗೊತ್ತಾದ್ರೆ ಖಲಾಸ್! ನಾನೂ ಹೋದೆ."

ಕಫೀಲ್ ಎಂದರೆ ನಮಗೆಲ್ಲ ವೀಸಾ ಕೊಟ್ಟ ಒಮಾನಿ ಯಜಮಾನರು. ಅವರನ್ನು ಒಂದು ಮಾತು ಕೇಳುವ ಧೈರ್ಯ ಶೆಟ್ಟರಿಗೆ ಬರಲಿಲ್ಲ. ವೀಸಾ ಕಾಗದಗಳೆಲ್ಲ ಅವರ ಕೈಯಲ್ಲೇ ಇದ್ದವು; ನಿನ್ನನ್ನು ಕಳಿಸುವುದೆಂದು ಒಳಗೊಳಗೇ ತೀರ್ಮಾನವಾಯಿತು.

ಅಂದು ಹಬ್ಬದ ಎಂಟನೆಯ ಸಂಜೆ. ಏನೂ ಅರಿಯದ ನೀನು ಉರಿಯುವ ಬತ್ತಿಯನ್ನು ನನ್ನ ಕೈಗಿತ್ತು, "ಕೊನೇದನ್ನು ನೀನು ಹಚ್ಚು" ಎಂದೆ. ಹಚ್ಚಿದೆ. ಕೈ ನಡುಗಿತು ಎಂದು ಬರೆಯಲೇ? — ನಡುಗಲಿಲ್ಲ.

ಸ್ವಲ್ಪ ದಿನಕ್ಕೇ ನಿನ್ನ ವೀಸಾ ರದ್ದಾಯಿತು. ಸೀಬ್ ವಿಮಾನ ನಿಲ್ದಾಣದಲ್ಲಿ ನನ್ನನ್ನು ತಬ್ಬಿಕೊಂಡು, "ನನ್ನ ಜೊತೆ ಇದ್ದದ್ದಕ್ಕೆ ನಿನಗೇನೂ ತೊಂದರೆ ಆಗದಿರಲಿ" ಎಂದೆ ನೀನು. ತೊಂದರೆ? ಬೌಷರಿನ ಕುರ್ಚಿ ಆಗಲೇ ನನ್ನದಾಗಿತ್ತು.

ತೊಂಬತ್ತರ ದಶಕದಲ್ಲಿ, ಶೆಟ್ಟರು ಊರಿಗೆ ಮರಳಿದ ಮೇಲೆ, ಕಫೀಲ್ ಒಮ್ಮೆ ಆಫೀಸಿಗೆ ಬಂದರು. ಹಿಂದಿ ಬಲ್ಲ ಮುದುಕರು. "ಆ ರೆಬೆಕಾ ಒಳ್ಳೆಯ ಹುಡುಗಿ. ಯಾಕೆ ಹೋದಳು?"

"ಅವಳು ಯಹೂದಿ ಅಂತ... ಕಳಿಸಿದರು."

"ಆದರೇನು? ನಮ್ಮ ಸೊಹಾರಿನಲ್ಲಿ ಯಹೂದಿಗಳ ಹಳೆಯ ಗೋರಿಗಳಿವೆ. ನನ್ನನ್ನು ಯಾಕೆ ಕೇಳಲಿಲ್ಲ? ಯಾರು ಎತ್ತಿದ್ದು ಈ ಮಾತು?"

"ಶೆಟ್ಟರು," ಎಂದೆ.

ಆಮೇಲೂ ವರ್ಷಗಟ್ಟಲೆ ಅದೇ ಕುರ್ಚಿಯಲ್ಲಿ ಕೂತೆ, ರೆಬೆಕಾ. ಊರಿಗೆ ಹೋಗುವಾಗೆಲ್ಲ ಮುಂಬಯಿಯಲ್ಲೇ ಇಳಿಯುತ್ತಿದ್ದೆ — ಅಲ್ಲಿಂದ ಠಾಣೆಯೇನು ಮಹಾ ದೂರ! ಒಮ್ಮೆಯೂ ನಿನ್ನನ್ನು ಹುಡುಕಲಿಲ್ಲ. ಸಿಕ್ಕಿದರೆ ಹೇಳಬೇಕಾಗುತ್ತಿತ್ತು.