ಮನೆಯವರ ಕಿವಿ

ಆಕೆಯ ಗಂಟಲು ಎಂಥದ್ದು ಅಂತೀರಿ! ಬೆಳಗಾಗೆದ್ದು ನಗರಸಭೆಯ ಶೆಡ್ಡಿನ ಮುಂದೆ ನಿಂತು "ಏಯ್, ಗಾಡಿ ತೆಗೀರೋ!" ಎಂದು ಒಂದು ಕೂಗು ಹಾಕಿದರೆ ಸಾಕು, ಕಸದ ಲಾರಿಯ ಡ್ರೈವರುಗಳು ಬಾಯಿಗಿಟ್ಟ ಟೀ ಲೋಟ ಕೆಳಗಿಟ್ಟು ಓಡುತ್ತಿದ್ದರು. ಯಾವ ಲಾರಿ ಯಾವ ಬೀದಿಗೆ ಹೋಗಬೇಕು, ಯಾವ ಡ್ರೈವರು ನಿನ್ನೆ ಯಾವ ಸುಳ್ಳು ಹೇಳಿ ರಜೆ ಹಾಕಿದ, ಎಲ್ಲ ಆಕೆಯ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. ಎಲ್ಲರೂ ಅಕ್ಕ ಎನ್ನುತ್ತಿದ್ದರು. ಬೆನ್ನ ಹಿಂದೆ ಏನೆನ್ನುತ್ತಿದ್ದರೋ, ಅದು ಬೇರೆ ಮಾತು.

ಅಕ್ಕನಿಗೆ ಮದುವೆಯಾಗಿರಲಿಲ್ಲ. ಅಪ್ಪ ಅಮ್ಮ ಬೇಗ ಕಣ್ಣು ಮುಚ್ಚಿದ್ದರಿಂದ ಇದ್ದೊಬ್ಬ ತಮ್ಮನನ್ನು ಸಾಕುವುದರಲ್ಲೇ ವಯಸ್ಸು ಕಳೆದುಹೋಯಿತು. ಅವನಿಗೆ ಟೈಲರ್ ಕೆಲಸ ಕಲಿಸಿದಳು, ಮದುವೆ ಮಾಡಿದಳು, ತನ್ನ ಮನೆಯ ಎದುರಿಗೇ ಮೂರಂತಸ್ತಿನ ಕಟ್ಟಡದ ಕೆಳಮನೆ ಬಾಡಿಗೆಗೆ ಹಿಡಿದುಕೊಟ್ಟಳು. ಬೀದಿ ಬದಿಯ ಕೋಣೆಯೇ ಅವನ ಅಂಗಡಿ. ಕಿಟಕಿಗೆ ತಾಗಿದಂತೆ ಹೊಲಿಗೆ ಯಂತ್ರ. ಸೋಮಾರಿ ಅಂದರೆ ಅಂತಿಂಥ ಸೋಮಾರಿಯಲ್ಲ ಅವನು. ಅಕ್ಕನನ್ನು ಕರೆಯಬೇಕಾದರೆ ಎದ್ದು ಬರುವುದಿರಲಿ, ಬಾಯಿ ತೆರೆಯುವುದಕ್ಕೂ ಬೇಜಾರು. ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿಯಿಂದ ಯಂತ್ರದ ಕಬ್ಬಿಣದ ಕಾಲಿಗೆ ಎರಡು ಸಲ ಬಡಿಯುತ್ತಿದ್ದ, ಟಣ್ ಟಣ್. ಅಕ್ಕ ಎದುರುಮನೆಯಿಂದ, "ಬಂದೆ ಇರೋ, ಏನು ಪ್ರಾಣ ಹೋಗ್ತಿದೆಯಾ?" ಎಂದು ಬೈಯುತ್ತಲೇ ಟೀ ತಂದುಕೊಡುತ್ತಿದ್ದಳು. ತಮ್ಮನ ಹೆಂಡತಿ, "ನೀವೇ ಕೆಡಿಸಿದ್ದು ಇವರನ್ನ, ಈಗ ನಾನು ಅನುಭವಿಸ್ಬೇಕು" ಎಂದು ನಗುತ್ತಿದ್ದಳು. ಇಬ್ಬರು ಹೆಂಗಸರಿಗೂ ಆ ಸೋಮಾರಿಯ ಮೇಲೆ ಜೀವ.

ಭೂಮಿ ನಡುಗಿದಾಗ ಅಕ್ಕ ಶೆಡ್ಡಿನಲ್ಲಿದ್ದಳು. ತಮ್ಮನ ಹೆಂಡತಿ ಬೀದಿಯ ಕೊನೆಯ ನಲ್ಲಿಯಲ್ಲಿ ಕೊಡ ತುಂಬಿಸುತ್ತಿದ್ದಳು. ತಮ್ಮ ಒಳಗೆ ಯಂತ್ರದ ಮುಂದೆ ಕೂತಿದ್ದ. ಅವಳ ಕಣ್ಣೆದುರಿಗೇ ಮೂರಂತಸ್ತು ಕೂತಲ್ಲೇ ಕೂತುಬಿಟ್ಟಿತು. ಧೂಳು ಇಳಿದ ಮೇಲೆ ನೋಡಿದರೆ ಮೇಲಿನ ಮನೆಯವರ ಬಾಲ್ಕನಿ ಮೊಣಕಾಲೆತ್ತರಕ್ಕೆ ಬಂದಿತ್ತಂತೆ, ಅದರಲ್ಲಿ ಒಣಹಾಕಿದ್ದ ಬಟ್ಟೆ ಹಾಗೇ ಇತ್ತಂತೆ.

ಇಡೀ ಊರೇ ಹೀಗಾಗಿದ್ದರೆ ಯಾರು ಯಾರ ಹತ್ತಿರ ಅಳಬೇಕು? ವಾರ್ಡಿನ ಸಾಹೇಬರ ಎರಡೂ ಕಾಲು ಮುರಿದಿದ್ದವು. ಅವರು ಸ್ಟ್ರೆಚರಿನ ಮೇಲೆ ಮಲಗಿಕೊಂಡೇ ಅಕ್ಕನ ಕೈ ಹಿಡಿದು, "ಲಾರಿಗಳು ನಿಮ್ಮ ಮಾತು ಕೇಳ್ತವೆ. ಈ ವಾರ್ಡನ್ನ ನೀವೇ ನೋಡ್ಕೊಳ್ಳಿ" ಎಂದರು. ಆಗುವುದಿಲ್ಲ ಎನ್ನಲು ಬಾಯಿ ಬರಲಿಲ್ಲ. ಕೈಯಲ್ಲಿದ್ದದ್ದು ಕಸದ ಲಾರಿಗಳು, ಹಾರೆ ಗುದ್ದಲಿ, ಒಂದೇ ಒಂದು ಕ್ರೇನು. ಯಾರೋ ಒಂದು ಸೀಟಿಯನ್ನೂ ತಂದುಕೊಟ್ಟರು. ಅಕ್ಕ ಸೀಟಿ ಊದಿದರೆ ಬೀದಿಯ ಇಂಜಿನ್ನುಗಳೆಲ್ಲ ನಿಲ್ಲಬೇಕು, ಅಳುವವರೂ ಬಾಯಿ ಮುಚ್ಚಬೇಕು. ಆ ಮೌನದಲ್ಲಿ ಅವಶೇಷದ ಒಳಗಿಂದ ಸದ್ದು ಬರುತ್ತದೆಯೇ ಎಂದು ಕಿವಿಗೊಟ್ಟು ಕೇಳುವುದು. ಬಂದರೆ ಕ್ರೇನು ಅಲ್ಲಿಗೆ. ಇಲ್ಲದಿದ್ದರೆ ಮುಂದಿನ ಮನೆಗೆ.

ಮೊದಲ ದಿನ ಮೋಸ ಹೋದರು. ಬೇಕೆಂದು ಮಾಡಿದ ಮೋಸವಲ್ಲ ಬಿಡಿ. ಒಬ್ಬ ತಂದೆ "ನನ್ನ ಮಗಳು ಕೂಗಿದಳು" ಎಂದ, ಕ್ರೇನು ಅರ್ಧ ದಿನ ಅಲ್ಲೇ ನಿಂತಿತು. ಮಗಳು ಗೋಡೆ ಬಿದ್ದ ಕ್ಷಣದಲ್ಲೇ ಹೋಗಿದ್ದಳು. ಇನ್ನೊಬ್ಬಳು ಗಂಡನ ಕೆಮ್ಮು ಕೇಳಿಸಿತು ಎಂದಳು. ಅಲ್ಲೂ ಹಾಗೇ ಆಯಿತು. ಅಷ್ಟರಲ್ಲಿ, ಪರವೂರಿಂದ ಬಂದು ಒಂಟಿಯಾಗಿದ್ದ ಪೇಂಟರ್ ಒಬ್ಬ ಪಕ್ಕದ ಬೀದಿಯಲ್ಲಿ ಕೂಗಿ ಕೂಗಿ ಸುಮ್ಮನಾಗಿದ್ದ. ಅವನ ಪರವಾಗಿ ಹೇಳುವವರು ಯಾರೂ ಇರಲಿಲ್ಲವಲ್ಲ. ಮರುದಿನ ಬೆಳಿಗ್ಗೆ ಅಕ್ಕ ಎಲ್ಲರನ್ನೂ ನಿಲ್ಲಿಸಿ ಹೇಳಿಬಿಟ್ಟಳು. "ಇನ್ಮೇಲೆ ಮನೆಯವರ ಕಿವಿ ಲೆಕ್ಕಕ್ಕಿಲ್ಲ. ನಿಮ್ಮ ಸಂಕಟ ನಂಗೊತ್ತು, ಆದ್ರೆ ಆಸೆಗೆ ಎಲ್ಲಾ ಕೇಳಿಸುತ್ತೆ. ಮನೆಯವರು ಹಗ್ಗದ ಆಚೆ ನಿಲ್ಲಿ. ಕೇಳೋರು ಇಬ್ಬರೇ, ಗ್ಯಾರೇಜಿನ ಮೆಕ್ಯಾನಿಕ್ಕು, ಆಸ್ಪತ್ರೆ ನರ್ಸಮ್ಮ. ಅವರಿಗೆ ಕೇಳಿಸಿದ್ರೆ ಉಂಟು, ಇಲ್ಲದಿದ್ರೆ ಇಲ್ಲ."

ಜನ ಶಾಪ ಹಾಕಿದರು. "ನಿನ್ನ ಮನೇದು ಬಂದಾಗ ಗೊತ್ತಾಗುತ್ತೆ" ಎಂದು ಒಬ್ಬ ಮುದುಕಿ ಮುಖಕ್ಕೇ ಹೇಳಿದಳು. ಅಕ್ಕ ಸೀಟಿ ಊದಿದಳು. ಆ ದಿನ ಐದು ಜೀವ ಮೇಲೆ ಬಂದವು. ಸೀಟಿಯಕ್ಕ ಎಂಬ ಹೆಸರು ಬಿದ್ದದ್ದು ಅವತ್ತೇ.

ತನ್ನ ಬೀದಿಗೆ ಮೊದಲು ಹೋಗಬಹುದಿತ್ತಲ್ಲ ಎನ್ನುತ್ತೀರಿ. ಹೋಗಲಿಲ್ಲ! ಅದೇ ಅವಳ ಹಟ. ಸಂತೆ ಬೀದಿಯ ಕಡೆಯಿಂದ ಸಾಲಾಗಿ ಬರುವುದೆಂದು ತಾನೇ ಹೇಳಿದ್ದಳು, ತಮ್ಮನಿಗಾಗಿ ಸಾಲು ತಪ್ಪಿಸಿದಳು ಎಂದು ಯಾರೂ ಆಡಿಕೊಳ್ಳಬಾರದು. ತಮ್ಮನ ಹೆಂಡತಿ ಮಾತ್ರ ಅಲ್ಲಿಂದ ಅಲ್ಲಾಡಿರಲಿಲ್ಲ. ಬರಿಗೈಯಲ್ಲೇ ಇಟ್ಟಿಗೆ ಎತ್ತಿ ಎತ್ತಿ ಉಗುರೆಲ್ಲ ಕಿತ್ತುಹೋಗಿದ್ದವು. ಆದರೆ ಮೇಲೆ ಬಿದ್ದದ್ದು ಮೂರು ತಾರಸಿ, ಅದು ಕೈಗೆ ಬಗ್ಗುವುದುಂಟೇ?

ಮೂರನೆಯ ಬೆಳಿಗ್ಗೆ ಆ ಬೀದಿಯ ಸರದಿ ಬಂತು. ಮೆಕ್ಯಾನಿಕ್ಕು, ನರ್ಸಮ್ಮ ಇಬ್ಬರೂ ರಾಶಿಯ ನೆತ್ತಿಗೆ ಹತ್ತಿ, ಎಲ್ಲ ಮನೆಗಳಲ್ಲೂ ಮಾಡಿದಂತೆ ಬಿರುಕಿಗೆ ಕಿವಿಯಿಟ್ಟು ಮಲಗಿದರು. ಹಗ್ಗ ಕಟ್ಟಿದ್ದು ಬೀದಿಯ ಕಡೆಗೆ. ತನ್ನದೇ ನಿಯಮ, ಮೀರುವಂತಿಲ್ಲ. ಅಕ್ಕ ಹಗ್ಗದ ಆಚೆ ತಮ್ಮನ ಹೆಂಡತಿಯ ಪಕ್ಕ ಬಂದು ನಿಂತಳು. ಸೀಟಿ ಊದಿದಳು.

ಬೀದಿ ಗಪ್‌ಚಿಪ್ಪಾಯಿತು. ಎಲ್ಲೋ ನೀರು ತೊಟ್ಟಿಕ್ಕುತ್ತಿತ್ತು. ಆಮೇಲೆ ಬಂತು, ಕಾಲಬುಡದಿಂದ ಬಂದಂತೆ, ಇನ್ನಿಲ್ಲದಷ್ಟು ಸಣ್ಣಗೆ, ಟಣ್ ಟಣ್.

ಅಕ್ಕ ಸೀಟಿಯನ್ನು ಬಾಯಿಂದ ತೆಗೆದಳು. ಪಕ್ಕದವಳು ಅವಳ ತೋಳನ್ನು ಉಗುರಿಲ್ಲದ ಬೆರಳುಗಳಿಂದ ಹಿಡಿದಳು. "ಅಕ್ಕಾ! ಕೇಳಿಸ್ತಾ? ಅವರೇ ಅಕ್ಕಾ, ಅವರೇ!"

ರಾಶಿಯ ಮೇಲಿದ್ದ ಮೆಕ್ಯಾನಿಕ್ಕು ಇಲ್ಲವೆಂದು ತಲೆಯಾಡಿಸಿದ. ನರ್ಸಮ್ಮ, "ನೀರು ತೊಟ್ಟಿಕ್ಕೋದು ಬಿಟ್ರೆ ಬೇರೇನೂ ಕೇಳಿಸ್ತಿಲ್ಲ" ಎಂದರು. ಅಷ್ಟರಲ್ಲಿ ಬೇಕರಿಯ ಓಣಿಯಿಂದ ಒಬ್ಬ ಓಡಿಬಂದ. ಅಲ್ಲಿ ಮಗು ಅಳುತ್ತಿದೆ, ಬೀದಿಗೆ ಬೀದಿಯೇ ಕೇಳಿಸಿಕೊಂಡಿದೆ, ಕ್ರೇನು ಬೇಕು. ಎಲ್ಲರೂ ಅಕ್ಕನ ಮುಖ ನೋಡಿದರು.

ಆ ಗಳಿಗೆಯಲ್ಲಿ ಅವಳ ತಲೆಯಲ್ಲಿ ಏನೇನು ಹಾದುಹೋಯಿತೋ ಯಾರು ಬಲ್ಲರು. ಆ ತಂದೆ, ಗಂಡನ ಕೆಮ್ಮು ಕೇಳಿಸಿಕೊಂಡ ಆ ಹೆಂಗಸು, ಕೂಗಿ ಕೂಗಿ ಸತ್ತ ಪೇಂಟರು. ನನಗೆ ಬೇರೆ ಯಾವ ಸದ್ದೂ ಅಲ್ಲ, ಟಣ್ ಟಣ್ಣೇ ಕೇಳಿಸಬೇಕಾ? ಆಸೆಯಲ್ಲದೆ ಇನ್ನೇನು ಇದು? ಎಷ್ಟು ಜನಕ್ಕೆ ಹೇಳಿದ್ದೇನೆ ಈ ಮಾತು!

"ನಿಮಗೂ ಕೇಳಿಸ್ತು ತಾನೇ ಅಕ್ಕಾ?" ತಮ್ಮನ ಹೆಂಡತಿ ಅಲುಗಾಡಿಸುತ್ತಿದ್ದಳು.

"ಇಲ್ಲ ಕಣೆ" ಎಂದಳು ಅಕ್ಕ. "ನಂಗೇನೂ ಕೇಳಿಸ್ಲಿಲ್ಲ." ಕ್ರೇನು ಬೇಕರಿಯ ಓಣಿಗೆ ಹೋಯಿತು.

ಅಲ್ಲಿ ಒಬ್ಬ ಅಜ್ಜಿ, ಅವಳ ಮಡಿಲಲ್ಲಿ ಪುಟ್ಟ ಮೊಮ್ಮಗಳು, ಇಬ್ಬರೂ ಜೀವಂತ ಸಿಕ್ಕರು. ಜನ ಚಪ್ಪಾಳೆ ತಟ್ಟಿದರು. ಮಧ್ಯಾಹ್ನ ಭೂಮಿ ಮತ್ತೊಮ್ಮೆ ಅಲುಗಿತು, ಜೋರಾಗಿಯೇನಲ್ಲ. ತಮ್ಮನ ಮನೆಯ ರಾಶಿ ಒಂದು ಮೊಳ ಕುಸಿಯಿತು. ಸಂಜೆ ಅಕ್ಕ ಒಬ್ಬಳೇ ಹೋಗಿ ಹಗ್ಗದ ಹತ್ತಿರ ನಿಂತಳು. ಸೀಟಿ ಊದಲಿಲ್ಲ, ಊದುವ ಅಗತ್ಯವೂ ಇರಲಿಲ್ಲ. ಯಾವ ಸದ್ದೂ ಬರಲಿಲ್ಲ.

ಅವಶೇಷ ತೆಗೆಯುವ ಹೊತ್ತಿಗೆ ವಾರ ಕಳೆದಿತ್ತು. ತಮ್ಮ ಹೊಲಿಗೆ ಯಂತ್ರದ ಕೆಳಗೆ ಮುದುರಿಕೊಂಡಿದ್ದ. ಬಲಗೈಯಲ್ಲಿ ಕತ್ತರಿ ಹಾಗೇ ಇತ್ತು. ಯಂತ್ರದ ಕಬ್ಬಿಣದ ಕಾಲಿನ ಒಂದು ಕಡೆ ಕಪ್ಪು ಬಣ್ಣ ಕಿತ್ತು ಬೆಳ್ಳಗಾಗಿತ್ತು, ಅಂಗೈಯಗಲ. ಅಯ್ಯೋ, ಅಷ್ಟು ಬಣ್ಣ ಹೋಗಬೇಕಾದರೆ ಎಷ್ಟು ಸಲ ಬಡಿದಿರಬೇಕು! ಜನ್ಮದಲ್ಲಿ ಒಂದು ಕೆಲಸಕ್ಕೂ ಅಷ್ಟು ಕಷ್ಟಪಟ್ಟವನಲ್ಲ ಅವನು.

ಯಂತ್ರವಿದ್ದದ್ದು ಬೀದಿಯ ಕಿಟಕಿಗೆ ತಾಗಿ. ಸದ್ದು ಹೊರಗೆ ಬರುವ ಸಂದಿ ಇದ್ದದ್ದೂ ಅಲ್ಲೇ, ಸರಿಯಾಗಿ ಹಗ್ಗ ಕಟ್ಟಿದ್ದ ಕಡೆ. "ಮನೆಯವರನ್ನ ನಿಲ್ಸಿದ್ದೇ ಕೇಳಿಸೋ ಜಾಗದಲ್ಲಿ. ನಾವು ನೆತ್ತಿ ಮೇಲೆ ಮಲಗಿದ್ವಿ" ಎಂದು ನರ್ಸಮ್ಮ ಅತ್ತರು. ಮೆಕ್ಯಾನಿಕ್ಕು ಅಕ್ಕನ ಕಾಲ ಹತ್ತಿರ ಕೂತು, "ನಿಮಗಾದ್ರೂ ಕೇಳಿಸಿದ್ದಿದ್ರೆ! ಒಂದು ಮಾತು ಅಂದಿದ್ದಿದ್ರೆ ನಾನು ಕ್ರೇನಿಗೆ ಅಡ್ಡ ಮಲಗ್ತಿದ್ದೆ ಅಕ್ಕಾ" ಎಂದ. ಅಕ್ಕ ಬಗ್ಗಿ ತಮ್ಮನ ಕೈಯಿಂದ ಕತ್ತರಿ ಬಿಡಿಸತೊಡಗಿದಳು.

ತಮ್ಮನ ಹೆಂಡತಿ ಒಂದು ಕಡೆಯಿಂದ ಎಲ್ಲರನ್ನೂ ಬೈದಳು. ಮೆಕ್ಯಾನಿಕ್ಕನ್ನು, ನರ್ಸಮ್ಮನನ್ನು, ಮೇಲಿರುವ ದೇವರನ್ನು. ಅಕ್ಕನ ಮುಂದೆ ಬಂದವಳು ನಿಂತಳು. ಆಮೇಲೆ ತಾನೇ ಒಂದು ಸಮಾಧಾನ ಹುಡುಕಿಕೊಂಡಳು. "ಪಾಪ, ಅಷ್ಟು ವರ್ಷ ಲಾರಿ ಸದ್ದಿನಲ್ಲೇ ಕಳೆದವರು. ಅಕ್ಕನಿಗೆ ಕಿವಿ ಮಂದ. ಇಲ್ಲದಿದ್ರೆ ಅವರ ಸದ್ದು ಅಕ್ಕನಿಗೆ ಕೇಳಿಸದೇ ಇರುತ್ತಾ?" ಎಂದು ಸುತ್ತಲಿದ್ದವರಿಗೆ ಹೇಳಿದಳು.

ಅವತ್ತಿನಿಂದ ಅವಳು ಅಕ್ಕನ ಹತ್ತಿರ ಗಟ್ಟಿಯಾಗಿ ಮಾತಾಡತೊಡಗಿದಳು. ಅಕ್ಕ ಬೇಡ ಎನ್ನಲಿಲ್ಲ. ಬೇಡ ಎಂದರೆ ಉಳಿದದ್ದನ್ನೂ ಹೇಳಬೇಕಾಗುತ್ತದಲ್ಲ. ಇದ್ದದ್ದು ಇವಳೊಬ್ಬಳು. ಇವಳೂ ಹೋದರೆ?

ಅಕ್ಕನ ಮನೆಯೂ ಬಿರುಕು ಬಿಟ್ಟಿದ್ದರಿಂದ ಮೈದಾನದ ತಗಡಿನ ಶೆಡ್ಡುಗಳಲ್ಲಿ ಒಂದರಲ್ಲಿ ಇಬ್ಬರೂ ಇದ್ದರು. ಯಂತ್ರವನ್ನು ರಿಪೇರಿ ಮಾಡಿಸಿ ತಮ್ಮನ ಹೆಂಡತಿ ಹೊಲಿಗೆ ಹಿಡಿದಳು. ಎಲ್ಲ ಕಡೆಗೂ ಬಣ್ಣ ಬಳಿಸಿದಳು, ಆ ಬೆಳ್ಳಗಿನ ಜಾಗವೊಂದನ್ನು ಬಿಟ್ಟು. ಅಕ್ಕ ಬೆಳಿಗ್ಗೆ ಹೋದವಳು ಕತ್ತಲಾದ ಮೇಲೆ ಬರುತ್ತಿದ್ದಳು. ನೀರಿನ ಟ್ಯಾಂಕರಿಗೆ ದಾರಿ ಬಿಡಿಸಬೇಕು, ಇಟ್ಟಿಗೆ ಮಣ್ಣನ್ನು ಕೆರೆಗೆ ಸುರಿಯುತ್ತಿದ್ದ ಕಂಟ್ರಾಕ್ಟರನ ಜುಟ್ಟು ಹಿಡಿಯಬೇಕು, ಶೆಡ್ಡು ಸಿಗದವರ ಬೈಗುಳ ತಿನ್ನಬೇಕು. ಊರು ನಿಧಾನಕ್ಕೆ ಎದ್ದು ಕೂರುತ್ತಿತ್ತು. ಮೇಲಿನ ಆಫೀಸಿನವರು ಬಂದು ಸಭೆ ಮಾಡಿ, ಮನೆಯವರ ಕಿವಿ ಲೆಕ್ಕಕ್ಕಿಲ್ಲ ಎಂಬ ನಿಯಮವನ್ನು ಹಾಡಿ ಹೊಗಳಿದರು. "ಸ್ವಂತ ತಮ್ಮನ ವಿಷಯದಲ್ಲೂ ಮೀರಲಿಲ್ಲ. ಎಂಥ ಗಟ್ಟಿ ಮನಸ್ಸು!" ಎಂದರು. ಅಕ್ಕ ಕೈ ಮುಗಿದು ಎದ್ದು ಬಂದಳು. ಶೆಡ್ಡಿಗೆ ಬಂದರೆ ತಮ್ಮನ ಹೆಂಡತಿ, "ಅಕ್ಕಾ! ಊಟಕ್ಕೆ ಬನ್ನಿ!" ಎಂದು ಕಿವಿಯ ಹತ್ತಿರ ಕೂಗುತ್ತಿದ್ದಳು. ಒಂದೊಂದು ಕೂಗಿಗೂ ಅಕ್ಕನಿಗೆ ಕೆನ್ನೆಗೆ ಹೊಡೆದಂತಾಗುತ್ತಿತ್ತು.

ಶಾಲೆ ಮತ್ತೆ ತೆರೆಯುವ ಹೊತ್ತಿಗೆ ಒಂದು ರಜಾದಿನ ಬೇಕರಿಯ ಓಣಿಯ ಅಜ್ಜಿ ಮೊಮ್ಮಗಳನ್ನು ಕರೆದುಕೊಂಡು ಬಂದಳು. ಸ್ಕೂಲಿಗೆ ಯೂನಿಫಾರಂ ಹೊಲಿಸಬೇಕಿತ್ತು. ಮಗು ಯಾರೆಂದು ತಮ್ಮನ ಹೆಂಡತಿಗೆ ಗೊತ್ತು. ಟೇಪು ಕೊರಳಿಗೆ ಹಾಕಿಕೊಂಡು, "ಅಕ್ಕಾ! ನಿಮ್ಮ ಮಗು ಬಂದಿದೆ ನೋಡಿ!" ಎಂದು ಕೂಗಿದಳು. ಅಕ್ಕ ಶೆಡ್ಡಿನ ಹಿಂದೆ ಬೆನ್ನು ಹಾಕಿ ಪಾತ್ರೆ ತೊಳೆಯುತ್ತಿದ್ದಳು. "ಹ್ಞೂಂ, ಬಂದೆ" ಎಂದಳಷ್ಟೆ.

ಮಕ್ಕಳು ಸುಮ್ಮನಿರುತ್ತವೆಯೇ? ಅಜ್ಜಿ ಬಟ್ಟೆಯ ಬಣ್ಣ ನೋಡುತ್ತಿದ್ದಾಗ ಮಗು ಕತ್ತರಿ ಎತ್ತಿಕೊಂಡಿತು. ಕಣ್ಣಿಗೆ ಬಿದ್ದದ್ದು ಆ ಬೆಳ್ಳಗಿನ ಜಾಗವೇ ಇರಬೇಕು. ಅಲ್ಲಿಗೆ ಮೆಲ್ಲಗೆ ತಾಗಿಸಿತು, ಟಣ್ ಟಣ್.

"ಬಂದೆ ಇರೋ, ಏನು ಪ್ರಾಣ ಹೋಗ್ತಿದೆಯಾ?" ಎಂದಳು ಅಕ್ಕ.

ಅಂದಮೇಲೆ ಅವಳಿಗೇ ಕೇಳಿಸಿತು ತಾನು ಅಂದದ್ದು. ಕೈಯಲ್ಲಿದ್ದ ತಟ್ಟೆ ಜಾರಿ ಬಕೆಟ್ಟಿಗೆ ಬಿತ್ತು. ತಿರುಗಿ ನೋಡಿದರೆ ತಮ್ಮನ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು.

"ಇಷ್ಟು ಮೆಲ್ಲಗಿನದೂ ಕೇಳಿಸುತ್ತಾ ಅಕ್ಕಾ?" ಎಷ್ಟೋ ತಿಂಗಳ ಮೇಲೆ ಅವಳು ಮೆಲುದನಿಯಲ್ಲಿ ಮಾತಾಡಿದ್ದು ಅದೇ ಮೊದಲು.

ಕೇಳಿಸದವಳಂತೆ ಇದ್ದುಬಿಡಬಹುದಿತ್ತು. ಅಕ್ಕನಿಗೆ ಸಾಕಾಗಿತ್ತು. "ಕೇಳಿಸುತ್ತೆ" ಎಂದಳು.

"ಅವತ್ತು?"

"ಅವತ್ತೂ ಕೇಳಿಸ್ತು ಕಣೆ. ನಿನಗೆ ಕೇಳಿಸಿದ ಹಾಗೇ ಕೇಳಿಸ್ತು. ಆಸೆ ಅಂದ್ಕೊಂಡೆ."

ಅಜ್ಜಿಗೆ ಏನೂ ಅರ್ಥವಾಗಲಿಲ್ಲ. ಇಬ್ಬರ ಮುಖವನ್ನೂ ನೋಡಿದಳು. ತಮ್ಮನ ಹೆಂಡತಿ ಒಳಗೆ ಬಂದು, ಮಗುವಿನ ಕೈಯಿಂದ ಕತ್ತರಿ ಬಿಡಿಸಿಕೊಂಡು, ಮಂಡಿಯೂರಿ ಅಳತೆ ತೆಗೆದಳು. ಭುಜ, ಎದೆ, ಉದ್ದ. ಎರಡೆರಡು ಸಲ ಅಳೆದಳು. ಎಲ್ಲ ಮುಗಿದ ಮೇಲೆ ಮಗುವಿನ ತಲೆ ಸವರಿ, "ಎರಡಿಂಚು ಜಾಸ್ತಿ ಮಡಚಿ ಹೊಲೀತೀನಿ ಅಜ್ಜಿ, ಬೆಳೆಯೋ ಮಗು" ಎಂದಳು. ಅವರು ಹೋದ ಮೇಲೂ ಹಾಗೇ ಮಂಡಿಯೂರಿ ಕೂತಿದ್ದಳು.

ಅಕ್ಕನಿಗೆ ಮನೆ ಬಿಟ್ಟು ಹೋಗೆನ್ನಲಿಲ್ಲ, ತಾನೂ ಹೋಗಲಿಲ್ಲ. ಆಮೇಲೆ ಊರಲ್ಲಿ ಹೊಸ ಮನೆಗಳೆದ್ದವು, ಇವರಿಗೂ ಒಂದು ಸಿಕ್ಕಿತು. ಇಂದಿಗೂ ಇಬ್ಬರೂ ಒಂದೇ ಸೂರಿನ ಕೆಳಗಿದ್ದಾರೆ. ಅವತ್ತಿನಿಂದ ತಮ್ಮನ ಹೆಂಡತಿ ಅಕ್ಕನ ಹತ್ತಿರ ಗಟ್ಟಿಯಾಗಿ ಮಾತಾಡಿಲ್ಲ. ಮೆಲ್ಲಗೂ ಮಾತಾಡಿಲ್ಲ. ಹೊತ್ತಿಗೆ ಸರಿಯಾಗಿ ತಟ್ಟೆ ಹಾಕಿ ಬಡಿಸುತ್ತಾಳೆ, ಕತ್ತರಿ ತೆಗೆದುಕೊಂಡು ಯಂತ್ರದ ಕಾಲಿಗೆ ಎರಡು ಸಲ ಬಡಿಯುತ್ತಾಳೆ. ಅಕ್ಕ ಎದ್ದು ಬಂದು ಊಟಕ್ಕೆ ಕೂರುತ್ತಾಳೆ.